ಗೇರ್ ಆಯಿಲ್, ಡಿಫರೆನ್ಷಿಯಲ್ ಆಯಿಲ್, ಕೂಲಂಟ್: ಸ್ಪೋರ್ಟ್ಸ್ ಕಾರು ಕಲಿಸುವ ವ್ಯಾಪಾರದ ಪಾಠ

ವಾಹನಗಳ ಬಿಡಿಭಾಗಗಳನ್ನು ಮಾರುವ ಯಾವುದೇ ಅಂಗಡಿಯ ಕಪಾಟನ್ನು ಗಮನಿಸಿದರೂ ಗೇರ್ ಆಯಿಲ್ ಡಬ್ಬಿಗಳು ಸಾಲಾಗಿ ನಿಂತಿರುವುದು ಕಾಣುತ್ತದೆ. ಒಂದರ ಮೇಲೆ ಜಿಎಲ್-4 ಎಂದು ಮುದ್ರಿತವಾಗಿದ್ದರೆ ಮತ್ತೊಂದರ ಮೇಲೆ ಜಿಎಲ್-5 ಎಂದಿರುತ್ತದೆ. ಇವೆರಡರಲ್ಲಿ ಯಾವುದು ಉತ್ತಮ ಎಂದು ಗಿರಾಕಿಯು ಕೇಳುತ್ತಾನೆ. ನಾಲ್ಕಕ್ಕಿಂತ ಐದು ದೊಡ್ಡದು, ಬೆಲೆಯೂ ತುಸು ಹೆಚ್ಚು, ಆದ್ದರಿಂದ ಅದೇ ಉತ್ತಮ ಎಂಬ ಉತ್ತರ ಸಹಜವಾಗಿಯೇ ಬಾಯಿಗೆ ಬರುತ್ತದೆ. ಕೂಲಂಟ್ ವಿಷಯದಲ್ಲಿಯೂ ಹೀಗೆಯೇ. ಹಸಿರು, ಕೆಂಪು, ನೀಲಿ ಬಣ್ಣಗಳನ್ನು ನೋಡಿ ಕೊಡುವುದು, ಕೊಳ್ಳುವುದು ರೂಢಿಯಾಗಿಬಿಟ್ಟಿದೆ. ಹೀಗೆ ಕೊಟ್ಟ ಸರಕು ಆ ದಿನವೇ ತೊಂದರೆ ಕೊಡುವುದಿಲ್ಲ. ಹಲವು ತಿಂಗಳುಗಳ ನಂತರ ಗೇರ್ ಬದಲಿಸುವಾಗ ಕರಕರ ಸದ್ದು ಬರತೊಡಗಿದಾಗ, ಅಥವಾ ರೇಡಿಯೇಟರ್ ಕಟ್ಟಿಕೊಂಡು ಇಂಜಿನ್ ಕಾದಾಗ, ದೋಷ ಎಲ್ಲಿಂದ ಬಂದಿತೆಂಬುದನ್ನು ಹುಡುಕುವವರು ಕಡಿಮೆ. ಆದರೆ ಹುಡುಕುವ ಗಿರಾಕಿಯೊಬ್ಬ ಸಿಕ್ಕಿದರೆ ಅಂಗಡಿಯ ಹೆಸರಿಗೆ ಆಗುವ ನಷ್ಟವನ್ನು ಒಂದು ಡಬ್ಬಿಯ ಲಾಭದಿಂದ ತುಂಬಿಕೊಳ್ಳಲು ಸಾಧ್ಯವಿಲ್ಲ.

ಈ ಲೇಖನದ ಉದ್ದೇಶ ಒಂದೇ ಒಂದು ಮಾತನ್ನು ಸ್ಪಷ್ಟಪಡಿಸುವುದು. ದ್ರವಗಳ ಆಯ್ಕೆಯಲ್ಲಿ ‘ಹೆಚ್ಚಿನದು ಉತ್ತಮ’ ಎಂಬ ನಿಯಮವಿಲ್ಲ. ‘ಹೊಂದುವಂಥದ್ದು ಉತ್ತಮ’ ಎಂಬ ನಿಯಮ ಮಾತ್ರ ಇದೆ. ಇದನ್ನು ವಿವರಿಸಲು ಸ್ಪೋರ್ಟ್ಸ್ ಕಾರನ್ನು ಉದಾಹರಣೆಯಾಗಿ ತೆಗೆದುಕೊಂಡಿರುವುದಕ್ಕೆ ಕಾರಣವಿದೆ. ಸಾಮಾನ್ಯ ಕಾರು ತಪ್ಪು ದ್ರವವನ್ನು ಬಹುಕಾಲ ಸಹಿಸಿಕೊಂಡು ಹೋಗಬಲ್ಲದು. ಸ್ಪೋರ್ಟ್ಸ್ ಕಾರಿನಲ್ಲಿ ಇಂಜಿನ್ ವೇಗ, ಗೇರುಗಳ ಮೇಲಿನ ಒತ್ತಡ ಮತ್ತು ಶಾಖ ಇವು ಮೂರೂ ಹೆಚ್ಚಿರುವುದರಿಂದ ತಪ್ಪು ಬೇಗನೆ ಬಯಲಿಗೆ ಬರುತ್ತದೆ. ಅಲ್ಲಿ ಕಲಿತ ಪಾಠವು ನಮ್ಮ ಸರಕು ಸಾಗಣೆಯ ವಾಹನಗಳಿಗೂ, ಕಾರ್ಖಾನೆಯ ಯಂತ್ರಗಳಿಗೂ ಅನ್ವಯಿಸುತ್ತದೆ.

ಒಂದು ಕಾರು, ಮೂರು ಬೇಡಿಕೆ

ಜಪಾನಿನ ಹೋಂಡಾ ಕಂಪನಿಯು 1999ರಿಂದ 2009ರವರೆಗೆ ತಯಾರಿಸಿದ ಎಸ್2000 ಎಂಬ ಎರಡು ಆಸನಗಳ ಕಾರನ್ನು ನೋಡೋಣ. ಮುಂಭಾಗದಲ್ಲಿ ಇಂಜಿನ್, ಹಿಂದಿನ ಚಕ್ರಗಳಿಗೆ ಚಾಲನೆ, ಆರು ವೇಗಗಳ ಕೈಚಾಲಿತ ಗೇರ್‌ಬಾಕ್ಸ್, ಹಿಂಬದಿಯಲ್ಲಿ ಪ್ರತ್ಯೇಕ ಡಿಫರೆನ್ಷಿಯಲ್ ಇದರ ರಚನೆ. ಮೊದಲ ಮಾದರಿಯ 1997 ಘನ ಸೆಂಟಿಮೀಟರ್ ಇಂಜಿನ್ ನಿಮಿಷಕ್ಕೆ ಸುಮಾರು 9000 ಸುತ್ತುಗಳವರೆಗೆ ತಿರುಗಬಲ್ಲದಾಗಿತ್ತು. ಟರ್ಬೊ ಇಲ್ಲದ, ರಸ್ತೆಗೆಂದೇ ತಯಾರಾದ ಕಾರಿಗೆ ಇದು ಅಸಾಮಾನ್ಯವಾದ ವೇಗ.

ಈ ಕಾರಿನ ಕೈಪಿಡಿಯು ಮೂರು ಪಾತ್ರೆಗಳಿಗೆ ಮೂರು ಬಗೆಯ ದ್ರವಗಳನ್ನು ಸೂಚಿಸುತ್ತದೆ. ಗೇರ್‌ಬಾಕ್ಸಿಗೆ ಕಂಪನಿಯದೇ ಆದ, ತೆಳುವಾದ ಮ್ಯಾನ್ಯುಯಲ್ ಟ್ರಾನ್ಸ್‌ಮಿಷನ್ ದ್ರವ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ, ಎಸ್‌ಎಇ 90 ಸಾಂದ್ರತೆಯ ಹೈಪಾಯ್ಡ್ ಗೇರ್ ಆಯಿಲ್. ರೇಡಿಯೇಟರಿಗೆ ಸಿಲಿಕೇಟ್ ಇಲ್ಲದ, ಅರ್ಧಕ್ಕರ್ಧ ನೀರು ಬೆರೆಸಿ ಸಿದ್ಧಪಡಿಸಿದ ಕೂಲಂಟ್. ಗೇರ್‌ಬಾಕ್ಸಿಗೆ ಬೇಕಾಗುವುದು ಸುಮಾರು ಒಂದೂವರೆ ಲೀಟರು; ಡಿಫರೆನ್ಷಿಯಲ್‌ಗೆ ಒಂದು ಲೀಟರಿಗಿಂತಲೂ ಕಡಿಮೆ. ಎರಡಕ್ಕೂ ಒಂದೇ ಡಬ್ಬಿಯನ್ನು ಬಳಸಿ ಮುಗಿಸಿಬಿಡಬಾರದೇಕೆ ಎಂಬ ಪ್ರಶ್ನೆ ಯಾವ ಮೆಕ್ಯಾನಿಕ್‌ಗೂ ಬರಬಹುದು. ಬಳಸಬಾರದು ಎಂಬುದಕ್ಕೆ ಕಾರಣವನ್ನು ತಿಳಿಯಬೇಕಾದರೆ ಆ ಎರಡು ಪೆಟ್ಟಿಗೆಗಳ ಒಳಗೆ ನಡೆಯುವ ಕೆಲಸವನ್ನು ಅರಿಯಬೇಕು.

ಗೇರ್‌ಬಾಕ್ಸಿಗೆ ಘರ್ಷಣೆಯೂ ಬೇಕು

ಕೀಲೆಣ್ಣೆಯ ಕೆಲಸ ಘರ್ಷಣೆಯನ್ನು ತಗ್ಗಿಸುವುದು ಎಂದು ನಾವೆಲ್ಲರೂ ಕಲಿತಿದ್ದೇವೆ. ಕೈಚಾಲಿತ ಗೇರ್‌ಬಾಕ್ಸಿನಲ್ಲಿ ಈ ಮಾತು ಅರ್ಧ ಮಾತ್ರ ಸತ್ಯ. ಗೇರ್ ಬದಲಿಸುವಾಗ ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುವ ಗೇರು ಮತ್ತು ಶಾಫ್ಟುಗಳನ್ನು ಒಂದೇ ವೇಗಕ್ಕೆ ತರುವ ಕೆಲಸವನ್ನು ಸಿಂಕ್ರೊನೈಸರ್ ಉಂಗುರಗಳು ಮಾಡುತ್ತವೆ. ಇವು ಬಹುತೇಕ ಹಿತ್ತಾಳೆಯಿಂದ ಅಥವಾ ಅಂಥದೇ ತಾಮ್ರದ ಮಿಶ್ರಲೋಹದಿಂದ ತಯಾರಾಗಿರುತ್ತವೆ. ಉಂಗುರವು ಗೇರಿನ ಶಂಕುವಿನಾಕಾರದ ಭಾಗವನ್ನು ಒತ್ತಿ ಹಿಡಿದು, ಕ್ಷಣಮಾತ್ರದಲ್ಲಿ ವೇಗವನ್ನು ಸರಿಹೊಂದಿಸುತ್ತದೆ. ಹಾಗೆ ಹಿಡಿಯಲು ಅಲ್ಲಿ ಘರ್ಷಣೆ ಇರಲೇಬೇಕು. ಎಣ್ಣೆ ಅತಿಯಾಗಿ ಜಾರುವಂಥದ್ದಾದರೆ ಉಂಗುರ ಹಿಡಿಯದೆ ಜಾರುತ್ತದೆ. ಹಲ್ಲುಗಳು ಪರಸ್ಪರ ತಾಗಿ ಸದ್ದು ಮಾಡುತ್ತವೆ. ನಿಮಿಷಕ್ಕೆ 9000 ಸುತ್ತು ತಿರುಗುವ ಇಂಜಿನ್ ಇರುವಲ್ಲಿ ಸರಿಹೊಂದಿಸಬೇಕಾದ ವೇಗದ ಅಂತರವೂ ದೊಡ್ಡದು. ಆದ್ದರಿಂದ ತೊಂದರೆಯೂ ಬೇಗನೆ ಕೈಗೆ ತಿಳಿಯುತ್ತದೆ.

ಎರಡನೆಯ ಸಂಗತಿ ರಸಾಯನಕ್ಕೆ ಸಂಬಂಧಿಸಿದ್ದು. ಅಧಿಕ ಒತ್ತಡವನ್ನು ತಡೆಯಲು ಗೇರ್ ಆಯಿಲ್‌ಗಳಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಸೇರಿಸುತ್ತಾರೆ. ಜಿಎಲ್-5 ದರ್ಜೆಯಲ್ಲಿ ಈ ದ್ರವ್ಯಗಳ ಪ್ರಮಾಣ ಸ್ಥೂಲವಾಗಿ ಜಿಎಲ್-4ರ ಎರಡರಷ್ಟು. ಕ್ರಿಯಾಶೀಲ ಗಂಧಕವು ಬಿಸಿಯಾದಾಗ ತಾಮ್ರದ ಮಿಶ್ರಲೋಹಗಳೊಂದಿಗೆ ವರ್ತಿಸಿ ಅವುಗಳನ್ನು ಕಪ್ಪಾಗಿಸಿ ಸವೆಸುತ್ತದೆ. ನ್ಯಾಯವಾಗಿ ಹೇಳುವುದಾದರೆ, ಇಂದಿನ ಉತ್ತಮ ಜಿಎಲ್-5 ಎಣ್ಣೆಗಳಲ್ಲಿ ಲೋಹರಕ್ಷಕ ದ್ರವ್ಯಗಳೂ ಇರುತ್ತವೆ. ಆದ್ದರಿಂದ ಜಿಎಲ್-5 ಸುರಿದ ಕೂಡಲೇ ಹಿತ್ತಾಳೆ ಕರಗಿಹೋಗುತ್ತದೆ ಎಂಬ ಭಯ ಅತಿಶಯೋಕ್ತಿ. ಆದರೆ ಘರ್ಷಣೆಯ ಗುಣದ ಪ್ರಶ್ನೆ ಉಳಿದೇ ಇರುತ್ತದೆ.

ಹೋಂಡಾ ಕಂಪನಿಯ ಸೂಚನೆಯಲ್ಲಿ ಒಂದು ಕುತೂಹಲಕರ ಅಂಶವಿದೆ. ತನ್ನ ಗೇರ್‌ಬಾಕ್ಸ್ ದ್ರವವು ಸಿಗದಿದ್ದರೆ ತಾತ್ಕಾಲಿಕವಾಗಿ 10ಡಬ್ಲ್ಯು-30 ಅಥವಾ 10ಡಬ್ಲ್ಯು-40 ಇಂಜಿನ್ ಆಯಿಲನ್ನು ಬಳಸಬಹುದು ಎಂದು ಅದು ಹೇಳುತ್ತದೆ. ಅದರಲ್ಲಿ ತಕ್ಕ ಸೇರ್ಪಡೆಗಳಿಲ್ಲದ ಕಾರಣ ಮುಂದುವರಿಸಿದರೆ ಗೇರ್ ಗಡುಸಾಗುತ್ತದೆ, ಬೇಗನೆ ಬದಲಿಸಿರಿ ಎಂದೂ ಎಚ್ಚರಿಸುತ್ತದೆ. ತುರ್ತು ಸಂದರ್ಭಕ್ಕೆ ಇಂಜಿನ್ ಆಯಿಲನ್ನು ಸೂಚಿಸಿದ ಕಂಪನಿಯು ‘ದೊಡ್ಡ ದರ್ಜೆ’ಯ ಜಿಎಲ್-5 ಎಣ್ಣೆಯನ್ನು ಸೂಚಿಸಲಿಲ್ಲ ಎಂಬುದನ್ನು ವರ್ತಕರು ಗಮನಿಸಬೇಕು.

ಹಾಗೆಂದು ಇದನ್ನು ಎಲ್ಲ ಕಾರುಗಳಿಗೂ ಅನ್ವಯಿಸಲಾಗದು. ಜಪಾನಿನದೇ ಆದ ಮಾಜ್ದಾ ಎಂಎಕ್ಸ್-5 ಕಾರಿನ ಮೊದಲ ಪೀಳಿಗೆಯು 1989ರಲ್ಲಿ ಬಂದಿತು. ಅದರ ಐದು ವೇಗಗಳ ಗೇರ್‌ಬಾಕ್ಸಿಗೆ 75ಡಬ್ಲ್ಯು-90 ಸಾಂದ್ರತೆಯ ಜಿಎಲ್-4 ಅಥವಾ ಜಿಎಲ್-5 ಎರಡನ್ನೂ ತಯಾರಕರು ಒಪ್ಪುತ್ತಾರೆ. ಒಂದೇ ದೇಶದ, ಒಂದೇ ವರ್ಗದ ಎರಡು ಕಾರುಗಳ ನಡುವೆಯೇ ಇಷ್ಟು ವ್ಯತ್ಯಾಸವಿದೆ. ಎರಡು ಕ್ಲಚ್ಚುಗಳ ಸ್ವಯಂಚಾಲಿತ ಗೇರ್‌ಬಾಕ್ಸುಗಳಿಗಂತೂ ಅವುಗಳಿಗಾಗಿಯೇ ರೂಪಿಸಿದ ದ್ರವವೇ ಬೇಕು. ಆದಕಾರಣ ಊಹೆಗೆ ಇಲ್ಲಿ ಸ್ಥಾನವಿಲ್ಲ.

ಡಿಫರೆನ್ಷಿಯಲ್‌ನ ಕಥೆ ಬೇರೆ

ಹಿಂದಿನ ಚಕ್ರಗಳಿಗೆ ಚಾಲನೆ ಇರುವ ಕಾರಿನ ಡಿಫರೆನ್ಷಿಯಲ್‌ನಲ್ಲಿ ಸಾಮಾನ್ಯವಾಗಿ ಹೈಪಾಯ್ಡ್ ಗೇರುಗಳಿರುತ್ತವೆ. ಚಿಕ್ಕ ಪಿನಿಯನ್ ಗೇರಿನ ಅಕ್ಷವು ದೊಡ್ಡ ಕ್ರೌನ್ ಗೇರಿನ ಅಕ್ಷದ ನೇರದಲ್ಲಿರದೆ ಸ್ವಲ್ಪ ಕೆಳಗೆ ಸರಿದಿರುತ್ತದೆ. ಇದರಿಂದ ಶಾಫ್ಟನ್ನು ತಗ್ಗಿಸಿ ಕಾರಿನ ನೆಲವನ್ನು ಕೆಳಗಿಳಿಸಲು ಸಾಧ್ಯವಾಯಿತು. ಗೇರುಗಳ ಸದ್ದೂ ಕಡಿಮೆಯಾಯಿತು. ಅಮೆರಿಕದ ಪ್ಯಾಕಾರ್ಡ್ ಕಾರುಗಳಲ್ಲಿ 1920ರ ದಶಕದಲ್ಲಿಯೇ ಇದು ಬಳಕೆಗೆ ಬಂದಿತು. ಆದರೆ ಈ ರಚನೆಗೆ ಒಂದು ಬೆಲೆ ತೆರಬೇಕು. ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದುದ್ದ ಉಜ್ಜುತ್ತವೆ. ಒತ್ತಡದ ಜೊತೆಗೆ ಉಜ್ಜಾಟವೂ ಸೇರಿದಾಗ ಎಣ್ಣೆಯ ಪೊರೆ ಹರಿದುಹೋಗುತ್ತದೆ. ಆಗ ಉಕ್ಕಿಗೆ ಉಕ್ಕು ನೇರವಾಗಿ ತಾಗಿ ಬೆಸೆದುಕೊಂಡು ಕಿತ್ತುಬರುತ್ತದೆ.

ಇಲ್ಲಿ ಗಂಧಕ ಮತ್ತು ರಂಜಕದ ಸಂಯುಕ್ತಗಳು ರಕ್ಷಕರಾಗಿ ನಿಲ್ಲುತ್ತವೆ. ಹಲ್ಲುಗಳು ತಾಗುವಲ್ಲಿ ಹುಟ್ಟುವ ಶಾಖದಲ್ಲಿ ಅವು ಉಕ್ಕಿನೊಡನೆ ವರ್ತಿಸಿ ತೆಳುವಾದ ಪದರವೊಂದನ್ನು ನಿರ್ಮಿಸುತ್ತವೆ. ಆ ಪದರವೇ ಸವೆದು ಲೋಹವನ್ನು ಉಳಿಸುತ್ತದೆ. ಗೇರ್‌ಬಾಕ್ಸಿನಲ್ಲಿ ಯಾವ ಗುಣವು ದೋಷವಾಗಿತ್ತೋ ಅದೇ ಗುಣವು ಇಲ್ಲಿ ಅನಿವಾರ್ಯ. ಜಿಎಲ್-5 ಎಂಬುದು ಜಿಎಲ್-4ರ ಮುಂದಿನ ಮೆಟ್ಟಿಲಲ್ಲ. ಬೇರೆಯೇ ಕೆಲಸಕ್ಕಾಗಿ ರೂಪಿಸಿದ ಬೇರೆಯೇ ಸರಕು. ಹೈಪಾಯ್ಡ್ ಡಿಫರೆನ್ಷಿಯಲ್‌ಗೆ ಜಿಎಲ್-4 ಅಥವಾ ಗೇರ್‌ಬಾಕ್ಸಿನ ತೆಳು ದ್ರವವನ್ನು ಹಾಕಿದರೆ ಆಗುವ ಹಾನಿಯು ಗೇರ್‌ಬಾಕ್ಸಿಗೆ ಜಿಎಲ್-5 ಹಾಕಿದಾಗ ಆಗುವುದಕ್ಕಿಂತ ಹೆಚ್ಚು ಶೀಘ್ರ.

ಸ್ಪೋರ್ಟ್ಸ್ ಕಾರಿನಲ್ಲಿ ಇನ್ನೊಂದು ಅಂಶವನ್ನು ವಿಚಾರಿಸಬೇಕು. ತಿರುವಿನಲ್ಲಿ ಒಂದು ಚಕ್ರ ಹಿಡಿತ ತಪ್ಪಿದಾಗ ಶಕ್ತಿಯೆಲ್ಲ ಆ ಕಡೆಗೇ ಹರಿದು ವ್ಯರ್ಥವಾಗದಂತೆ ತಡೆಯುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಂಥ ಕಾರುಗಳಲ್ಲಿ ಸಾಮಾನ್ಯ. ಇದರಲ್ಲಿ ಮುಖ್ಯವಾಗಿ ಎರಡು ವಿಧ. ಮೊದಲನೆಯದು ಕ್ಲಚ್ ತಟ್ಟೆಗಳಿರುವಂಥದ್ದು. ತಟ್ಟೆಗಳು ಹಿಡಿದು ಬಿಡುವಾಗ ಅದುರದೆ ಇರಲು ಎಣ್ಣೆಯಲ್ಲಿ ಘರ್ಷಣೆಯನ್ನು ಹದಗೊಳಿಸುವ ವಿಶೇಷ ದ್ರವ್ಯ ಬೇಕಾಗುತ್ತದೆ. ಡಬ್ಬಿಯ ಮೇಲೆ ‘ಎಲ್‌ಎಸ್’ ಎಂಬ ಗುರುತು ಇರುವುದು ಈ ಕಾರಣಕ್ಕೆ. ಎರಡನೆಯದು ಟಾರ್ಸೆನ್‌ನಂತೆ ಗೇರುಗಳಿಂದಲೇ ಕೆಲಸ ಮಾಡುವಂಥದ್ದು. ಎಸ್2000ದಲ್ಲಿ ಇರುವುದು ಟಾರ್ಸೆನ್. ಅದಕ್ಕೆ ಆ ವಿಶೇಷ ದ್ರವ್ಯದ ಅಗತ್ಯವಿಲ್ಲ, ಸಾಮಾನ್ಯ ಜಿಎಲ್-5 ಸಾಕು. ಲಿಮಿಟೆಡ್ ಸ್ಲಿಪ್ ಎಂಬ ಹೆಸರು ಕೇಳಿದ ಮಾತ್ರಕ್ಕೆ ಬೆಲೆಬಾಳುವ ಎಲ್‌ಎಸ್ ಎಣ್ಣೆಯನ್ನೇ ಮಾರುವುದು ಸರಿಯಲ್ಲ; ಕ್ಲಚ್ ವಿಧವಿರುವ ಕಾರಿಗೆ ಸಾಮಾನ್ಯ ಎಣ್ಣೆಯನ್ನು ಕೊಡುವುದು ಅದಕ್ಕಿಂತಲೂ ಸರಿಯಲ್ಲ.

ಅಂಕಿಗಳು ಏನನ್ನು ಹೇಳುತ್ತವೆ?

ಜಿಎಲ್ ದರ್ಜೆಯು ರಸಾಯನವನ್ನು ಸೂಚಿಸಿದರೆ 75ಡಬ್ಲ್ಯು-90 ಎಂಬಂತಹ ಅಂಕಿಗಳು ಸ್ನಿಗ್ಧತೆಯನ್ನು, ಅಂದರೆ ಎಣ್ಣೆಯ ದಪ್ಪವನ್ನು ಸೂಚಿಸುತ್ತವೆ. ಗೇರ್ ಆಯಿಲ್‌ಗಳಿಗೆ ಇವನ್ನು ನಿಗದಿಪಡಿಸುವುದು ಎಸ್‌ಎಇ ಜೆ306 ಎಂಬ ಮಾನಕ. 90 ಎಂದರೆ 100 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸ್ನಿಗ್ಧತೆಯು 13.5ರಿಂದ 18.5 ಸೆಂಟಿಸ್ಟೋಕ್‌ಗಳ ನಡುವೆ ಇರಬೇಕು ಎಂದರ್ಥ. 140 ಎಂದರೆ 24ರಿಂದ 32.5ರ ನಡುವೆ. ‘ಡಬ್ಲ್ಯು’ ಇರುವ ಅಂಕಿಯು ಚಳಿಯಲ್ಲಿನ ನಡವಳಿಕೆಗೆ ಸಂಬಂಧಿಸಿದ್ದು. ನಿಗದಿತ ಮಿತಿಗಿಂತ ಗಟ್ಟಿಯಾಗದೆ 75ಡಬ್ಲ್ಯು ಎಣ್ಣೆ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿನವರೆಗೂ, 80ಡಬ್ಲ್ಯು 26 ಡಿಗ್ರಿ ಕೆಳಗಿನವರೆಗೂ, 85ಡಬ್ಲ್ಯು 12 ಡಿಗ್ರಿ ಕೆಳಗಿನವರೆಗೂ ಹರಿಯಬೇಕು.

ಇಲ್ಲಿ ಒಂದು ಸಾಮಾನ್ಯ ಗೊಂದಲವನ್ನು ನಿವಾರಿಸುವುದು ಅವಶ್ಯಕ. ಗೇರ್ ಆಯಿಲ್‌ನ 90 ಎಂಬ ಅಂಕಿ ಇಂಜಿನ್ ಆಯಿಲ್‌ನ 40ಕ್ಕಿಂತ ಎರಡು ಪಟ್ಟು ದಪ್ಪವೆಂದು ಅನೇಕರು ಭಾವಿಸಿದ್ದಾರೆ. ಇವೆರಡೂ ಬೇರೆ ಬೇರೆ ಅಳತೆಗೋಲುಗಳು. ಇಂಜಿನ್ ಆಯಿಲ್‌ನ 40 ಎಂದರೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕ್. ಆದ್ದರಿಂದ 90ರ ಗೇರ್ ಆಯಿಲ್ ದಪ್ಪದಲ್ಲಿ 40 ಅಥವಾ 50ರ ಇಂಜಿನ್ ಆಯಿಲ್‌ಗೆ ಸರಿಸುಮಾರು ಸಮಾನ. ಬಿಸಿ ಹೆಚ್ಚೆಂದು 90ರ ಬದಲು 140 ಕೊಡುವುದು ಸಣ್ಣ ಬದಲಾವಣೆಯಲ್ಲ. ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು ದಪ್ಪದ ಎಣ್ಣೆಯನ್ನು ಕೊಟ್ಟಂತೆ. ಅತಿ ದಪ್ಪದ ಎಣ್ಣೆಯನ್ನು ಕಲಕಲು ಶಕ್ತಿ ವ್ಯಯವಾಗುತ್ತದೆ, ಆ ಕಲಕಾಟವೇ ಶಾಖವನ್ನು ಹುಟ್ಟಿಸುತ್ತದೆ. ಪಂದ್ಯದ ಬಳಕೆಗೆ ತಯಾರಕರು ದಪ್ಪ ಎಣ್ಣೆಯನ್ನು ಸೂಚಿಸಿದ್ದರೆ ಮಾತ್ರ ಅದು ಸರಿ.

ಶಾಖದ ವಿಷಯದಲ್ಲಿ ನೆನಪಿಡಬೇಕಾದ ಸ್ಥೂಲ ನಿಯಮವೊಂದಿದೆ. ಎಣ್ಣೆಯ ಉಷ್ಣತೆ ಪ್ರತಿ 10 ಡಿಗ್ರಿ ಏರಿದಂತೆ ಅದು ಹಳಸುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಆದುದರಿಂದ ಪಂದ್ಯದ ಹಾದಿಯಲ್ಲಿ ಓಡುವ ಕಾರಿಗೆ ದುಬಾರಿ ಎಣ್ಣೆ ಹಾಕಿ ಮರೆಯುವುದಕ್ಕಿಂತ ಸೂಕ್ತ ಎಣ್ಣೆಯನ್ನು ಬೇಗ ಬೇಗ ಬದಲಿಸುವುದು ಜಾಣತನ.

ಕೂಲಂಟ್: ಬಣ್ಣಕ್ಕೆ ಮರುಳಾಗಬಾರದು

ನಮ್ಮ ನಾಡಿನಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇಲ್ಲ. ಆದ್ದರಿಂದ ಕೂಲಂಟ್ ಎಂಬುದು ಪರದೇಶದವರ ಅಗತ್ಯ, ನಲ್ಲಿಯ ನೀರು ಸಾಕು ಎಂಬ ಅಭಿಪ್ರಾಯ ಇನ್ನೂ ಅಲ್ಲಲ್ಲಿ ಉಳಿದಿದೆ. ಇದು ಅಪಾಯಕಾರಿಯಾದ ತಿಳಿವಳಿಕೆ. ಕೂಲಂಟ್‌ನ ಮುಖ್ಯ ಅಂಶವಾದ ಎಥಿಲೀನ್ ಗ್ಲೈಕಾಲ್ ಮೂರು ಕೆಲಸಗಳನ್ನು ಮಾಡುವ ದ್ರವದ ಒಂದು ಭಾಗ ಮಾತ್ರ. ಅರ್ಧಕ್ಕರ್ಧ ಮಿಶ್ರಣವು ಶೂನ್ಯಕ್ಕಿಂತ ಸುಮಾರು 37 ಡಿಗ್ರಿ ಕೆಳಗಿನವರೆಗೆ ಹೆಪ್ಪುಗಟ್ಟುವುದಿಲ್ಲ, ಇದು ಮೊದಲನೆಯದು. ಅದರ ಕುದಿಬಿಂದು ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ; ರೇಡಿಯೇಟರ್ ಮುಚ್ಚಳವು ಸುಮಾರು ಒಂದು ಬಾರ್ ಒತ್ತಡವನ್ನು ಹಿಡಿದಿಟ್ಟಾಗ 129 ಡಿಗ್ರಿಯ ಆಸುಪಾಸು; ಇದು ಎರಡನೆಯದು. ಮೂರನೆಯದು, ನಮಗೆ ಎಲ್ಲಕ್ಕಿಂತ ಮುಖ್ಯವಾದದ್ದು, ತುಕ್ಕುನಿರೋಧಕ ದ್ರವ್ಯಗಳ ಕೆಲಸ. ಇಂದಿನ ಇಂಜಿನ್ನಿನಲ್ಲಿ ಅಲ್ಯೂಮಿನಿಯಂ, ಎರಕದ ಕಬ್ಬಿಣ, ಉಕ್ಕು, ತಾಮ್ರ ಇವೆಲ್ಲವೂ ಒಂದೇ ದ್ರವವನ್ನು ಮುಟ್ಟುತ್ತವೆ. ರಕ್ಷಣೆಯಿಲ್ಲದ ನೀರಿನಲ್ಲಿ ಇವು ಒಂದನ್ನೊಂದು ತಿನ್ನುತ್ತವೆ.

ಇಲ್ಲಿಯೂ ‘ಹೆಚ್ಚಿನದು ಉತ್ತಮ’ ಎಂಬ ನಂಬಿಕೆ ಸೋಲುತ್ತದೆ. ನೀರು ಬೆರೆಸದ ಶುದ್ಧ ಗ್ಲೈಕಾಲ್ ಶೂನ್ಯಕ್ಕಿಂತ ಸುಮಾರು 13 ಡಿಗ್ರಿ ಕೆಳಗೆಯೇ ಹೆಪ್ಪುಗಟ್ಟುತ್ತದೆ. ಅಂದರೆ ಮಿಶ್ರಣಕ್ಕಿಂತ ಕಳಪೆ. ಶಾಖವನ್ನು ಹೊತ್ತೊಯ್ಯುವುದರಲ್ಲಿ ನೀರೇ ಶ್ರೇಷ್ಠ. ಅರ್ಧಕ್ಕರ್ಧ ಮಿಶ್ರಣದ ಸಾಮರ್ಥ್ಯ ನೀರಿಗಿಂತ ಸುಮಾರು ಶೇಕಡಾ 15ರಷ್ಟು ಕಡಿಮೆ. ಗ್ಲೈಕಾಲ್ ಪ್ರಮಾಣ ಹೆಚ್ಚಿದಷ್ಟೂ ಈ ಸಾಮರ್ಥ್ಯ ಇಳಿಯುತ್ತದೆ. ಅನೇಕ ಪಂದ್ಯದ ಹಾದಿಗಳಲ್ಲಿ ಗ್ಲೈಕಾಲ್ ಇರುವ ಕೂಲಂಟನ್ನು ನಿಷೇಧಿಸಿರುತ್ತಾರೆ. ಹಾದಿಯ ಮೇಲೆ ಚೆಲ್ಲಿದರೆ ಅದು ಜಾರುತ್ತದೆ ಮತ್ತು ಬೇಗ ಒಣಗುವುದಿಲ್ಲ. ಅಲ್ಲಿ ಖನಿಜಮುಕ್ತ ನೀರಿಗೆ ತುಕ್ಕುನಿರೋಧಕವನ್ನು ಮಾತ್ರ ಬೆರೆಸಿ ಬಳಸುತ್ತಾರೆ. ಪಂದ್ಯ ಮುಗಿದ ಮೇಲೆ ಮತ್ತೆ ಸರಿಯಾದ ಮಿಶ್ರಣವನ್ನು ತುಂಬುವುದು ಅವಶ್ಯ.

ತುಕ್ಕುನಿರೋಧಕಗಳಲ್ಲಿ ಮನೆತನಗಳಿವೆ. ಹಳೆಯ ವಿಧದ್ದು ಸಿಲಿಕೇಟ್ ಮುಂತಾದ ನಿರವಯವ ಲವಣಗಳನ್ನು ಆಧರಿಸಿದ್ದು; ಇದರ ಆಯುಸ್ಸು ಸಾಮಾನ್ಯವಾಗಿ ಎರಡು ವರ್ಷ. ಸಾವಯವ ಆಮ್ಲಗಳನ್ನು ಆಧರಿಸಿದ ಹೊಸ ವಿಧದ್ದು ಐದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಬಾಳುತ್ತದೆ. ಎರಡನ್ನೂ ಬೆರೆಸಿ ರೂಪಿಸಿದ ಮಿಶ್ರ ವಿಧಗಳೂ ಇವೆ. ಜಪಾನಿನ ತಯಾರಕರು ನೀರಿನ ಪಂಪಿನ ಸೀಲ್ ಸವೆಯಬಾರದೆಂದು ಸಿಲಿಕೇಟನ್ನು ದೂರವಿಟ್ಟು ಫಾಸ್ಫೇಟನ್ನು ಒಪ್ಪಿದರು. ಯುರೋಪಿನ ತಯಾರಕರು ಅಲ್ಲಿನ ಗಡಸು ನೀರಿನಲ್ಲಿ ಫಾಸ್ಫೇಟ್ ಕಿಟ್ಟ ಕಟ್ಟುತ್ತದೆಂದು ಅದನ್ನು ತಿರಸ್ಕರಿಸಿ ಸಿಲಿಕೇಟನ್ನು ಉಳಿಸಿಕೊಂಡರು. ಇಬ್ಬರೂ ತಮ್ಮ ತಮ್ಮ ಸನ್ನಿವೇಶಕ್ಕೆ ತಕ್ಕಂತೆ ಸರಿಯಾಗಿಯೇ ನಿರ್ಧರಿಸಿದ್ದಾರೆ. ಎಸ್2000ಕ್ಕೆ ಸಿಲಿಕೇಟ್ ಇಲ್ಲದ ಕೂಲಂಟ್ ಬೇಕೆಂದು ಹೇಳಿರುವುದರ ಹಿನ್ನೆಲೆ ಇದು.

ಬಣ್ಣವು ಇದಾವುದನ್ನೂ ತಿಳಿಸುವುದಿಲ್ಲ. ಕೂಲಂಟ್ ಬಣ್ಣಕ್ಕೆ ಯಾವ ಸರ್ವಸಮ್ಮತ ಮಾನಕವೂ ಇಲ್ಲ. ಅದು ಬರಿಯ ಬಣ್ಣದ ಪುಡಿ. ಎರಡು ಕಂಪನಿಗಳ ಹಸಿರು ದ್ರವಗಳು ಬೇರೆ ಬೇರೆ ಮನೆತನಕ್ಕೆ ಸೇರಿರಬಹುದು. ಬೇರೆ ಮನೆತನದವುಗಳನ್ನು ಬೆರೆಸಿದರೆ ರಕ್ಷಣೆಯ ಅವಧಿ ಕುಗ್ಗುತ್ತದೆ. ಕೆಲವು ಸಂದರ್ಭಗಳಲ್ಲಿ ಗಷ್ಟು ಕಟ್ಟಿ ರೇಡಿಯೇಟರಿನ ಕಿರುನಾಳಗಳು ಮುಚ್ಚಿಹೋಗುತ್ತವೆ.

ಬೆರೆಸುವ ನೀರಿನ ವಿಷಯವನ್ನು ನಮ್ಮ ರಾಜ್ಯದಲ್ಲಿ ಒತ್ತಿ ಹೇಳಬೇಕಾಗಿದೆ. ಬಯಲುಸೀಮೆಯ ಅನೇಕ ಕಡೆಗಳಲ್ಲಿ ಕೊಳವೆ ಬಾವಿಯ ನೀರು ಗಡಸು. ಫಾಸ್ಫೇಟ್ ಆಧಾರಿತ ಜಪಾನೀ ಮಾದರಿಯ ಸಾಂದ್ರ ಕೂಲಂಟನ್ನು ಇಂಥ ನೀರಿನಲ್ಲಿ ಬೆರೆಸಿದರೆ ಯುರೋಪಿನವರು ಹೆದರಿದ ಕಿಟ್ಟವೇ ನಮ್ಮಲ್ಲಿಯೂ ಕಟ್ಟುತ್ತದೆ. ಸಾಂದ್ರ ಕೂಲಂಟ್ ಮಾರುವವರು ಅದರ ಜೊತೆಗೆ ಖನಿಜಮುಕ್ತ ನೀರಿನ ಡಬ್ಬಿಯನ್ನೂ ಮಾರಬೇಕು. ಇಲ್ಲವೇ ಬೆರೆಸಿ ಸಿದ್ಧಪಡಿಸಿದ ಕೂಲಂಟನ್ನೇ ಕೊಡಬೇಕು. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿ, ಪರಿಣಾಮದಲ್ಲಿ ವಿಷ. ಅದನ್ನು ಖಾಲಿ ನೀರಿನ ಬಾಟಲಿಗಳಲ್ಲಿ ತುಂಬಿಡುವ ಅಭ್ಯಾಸವನ್ನು ವರ್ಕ್‌ಶಾಪುಗಳಲ್ಲಿ ಕಟ್ಟುನಿಟ್ಟಾಗಿ ನಿಲ್ಲಿಸಬೇಕು.

ಡಬ್ಬಿಯ ಮೇಲಿನ ಬರಹವನ್ನು ಓದುವ ಬಗೆ

ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಇಂಜಿನ್ ಆಯಿಲ್‌ಗಳಿಗೆ ಪರವಾನಗಿ ನೀಡಿ ತನ್ನ ವೃತ್ತಾಕಾರದ ಚಿಹ್ನೆಯನ್ನು ಬಳಸಲು ಅನುಮತಿಸುತ್ತದೆ. ಗೇರ್ ಆಯಿಲ್‌ಗಳಿಗೆ ಅಂಥ ಪರವಾನಗಿ ಪದ್ಧತಿಯಿಲ್ಲ. ಜಿಎಲ್-4, ಜಿಎಲ್-5 ಎಂಬುವು ಎಪಿಐ ವಿವರಿಸಿದ ದರ್ಜೆಗಳಾದರೂ ಡಬ್ಬಿಯ ಮೇಲೆ ಅವನ್ನು ಮುದ್ರಿಸುವುದು ತಯಾರಕರ ಸ್ವಂತ ಹೇಳಿಕೆ. ಆದ್ದರಿಂದ ತಯಾರಕರ ವಿಶ್ವಾಸಾರ್ಹತೆಯೇ ಇಲ್ಲಿ ಆಧಾರ. ಎಸ್‌ಎಇ ಜೆ2360 ಎಂಬ ಮಾನಕದಡಿ ಸ್ವತಂತ್ರ ಪರಿಶೀಲನೆಗೆ ಒಳಪಟ್ಟು ಅನುಮೋದನೆ ಪಡೆದ ಎಣ್ಣೆಗಳಿಗೆ ಆ ಮಟ್ಟಿಗೆ ಹೆಚ್ಚಿನ ತೂಕವಿದೆ.

‘ಅನುಮೋದಿತ’ ಎಂಬುದಕ್ಕೂ ‘ಅವಶ್ಯಕತೆಗಳನ್ನು ಪೂರೈಸುತ್ತದೆ’ ಎಂಬುದಕ್ಕೂ ವ್ಯತ್ಯಾಸವಿದೆ. ಮೊದಲನೆಯದು ವಾಹನ ತಯಾರಕರು ಅಥವಾ ಸಂಸ್ಥೆಯೊಂದು ಪರೀಕ್ಷಿಸಿ ಒಪ್ಪಿದ್ದು. ಎರಡನೆಯದು ಎಣ್ಣೆಯ ತಯಾರಕರು ತಾವೇ ಹೇಳಿಕೊಂಡದ್ದು. ಎರಡನೆಯದು ಸುಳ್ಳೆಂದೇನೂ ಅಲ್ಲ. ಆದರೆ ತೊಂದರೆ ಬಂದಾಗ ಉತ್ತರ ಹೇಳುವವರು ಯಾರೆಂಬುದು ಬದಲಾಗುತ್ತದೆ. ಕೂಲಂಟ್ ಕೊಳ್ಳುವಾಗ ಭಾರತೀಯ ಮಾನಕ ಐಎಸ್ 5759, ಜಪಾನಿನ ಜೆಐಎಸ್ ಕೆ 2234, ಅಮೆರಿಕದ ಎಎಸ್‌ಟಿಎಂ ಡಿ3306 ಇವುಗಳಲ್ಲಿ ಯಾವುದನ್ನು ಹೆಸರಿಸಿದ್ದಾರೆ ಎಂದು ನೋಡಬೇಕು. ಯಾವುದನ್ನೂ ಹೆಸರಿಸದೆ ‘ಎಲ್ಲ ಕಾರುಗಳಿಗೂ ಸೂಕ್ತ’ ಎಂದಷ್ಟೇ ಬರೆದಿದ್ದರೆ ಎಚ್ಚರ ವಹಿಸುವುದು ಲೇಸು.

ಸಣ್ಣ ತಯಾರಕರಿಗೆ ಎರಡು ಮಾತು

ಈ ಚರ್ಚೆಯು ಕಾರಿನ ಅಂಗಡಿಗಷ್ಟೇ ಸೀಮಿತವಲ್ಲ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳ ಕಾರ್ಖಾನೆಗಳಲ್ಲಿ ವರ್ಮ್ ಗೇರ್‌ಬಾಕ್ಸುಗಳು ಸಾಮಾನ್ಯ. ಅವುಗಳ ಚಕ್ರವು ಬಹುತೇಕ ಕಂಚಿನದು. ಕನ್ವೇಯರಿನ ಗೇರ್‌ಬಾಕ್ಸಿಗೆ ಲಾರಿಯ ಹೈಪಾಯ್ಡ್ ಎಣ್ಣೆಯನ್ನು ಸುರಿದರೆ ಸಿಂಕ್ರೊನೈಸರ್ ಉಂಗುರಗಳ ಬಗ್ಗೆ ಮೇಲೆ ಹೇಳಿದ ಅಪಾಯವೇ ಈ ಕಂಚಿನ ಚಕ್ರಕ್ಕೂ ಎದುರಾಗುತ್ತದೆ. ಗೇರ್‌ಬಾಕ್ಸ್ ತಯಾರಿಸುವ ಸದಸ್ಯರು ಯಾವ ಎಣ್ಣೆ ಬೇಕು, ಎಷ್ಟು ಬೇಕು ಎಂಬುದನ್ನು ಪೆಟ್ಟಿಗೆಯ ಮೇಲೆಯೇ ಲೋಹದ ಫಲಕದಲ್ಲಿ ಕೆತ್ತಿಸಿ ಕೊಡುವುದು ಉತ್ತಮ. ಕಾಗದ ಕಳೆದುಹೋಗುತ್ತದೆ, ಫಲಕ ಉಳಿಯುತ್ತದೆ.

ಕೂಲಂಟನ್ನು ಬೆರೆಸಿ ಡಬ್ಬಿಗೆ ತುಂಬುವುದು ಕಡಿಮೆ ಬಂಡವಾಳದ ಉದ್ಯಮವೆಂದು ಕೆಲವರು ಆರಂಭಿಸುತ್ತಾರೆ. ಗ್ಲೈಕಾಲ್, ನೀರು, ಬಣ್ಣ ಇವಿಷ್ಟೇ ಕೂಲಂಟ್ ಅಲ್ಲ. ಎಎಸ್‌ಟಿಎಂ ಡಿ1384 ಎಂಬ ಗಾಜಿನ ಪಾತ್ರೆಯ ಪರೀಕ್ಷೆಯಲ್ಲಿ ತಾಮ್ರ, ಬೆಸುಗೆ ಲೋಹ, ಹಿತ್ತಾಳೆ, ಉಕ್ಕು, ಎರಕದ ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಂಡುಗಳನ್ನು 88 ಡಿಗ್ರಿ ಉಷ್ಣತೆಯ ದ್ರವದಲ್ಲಿ 336 ಗಂಟೆಗಳ ಕಾಲ ಮುಳುಗಿಸಿಟ್ಟು, ಎಷ್ಟು ತೂಕ ಕಳೆದುಕೊಂಡವೆಂದು ಅಳೆಯುತ್ತಾರೆ. ಹದಿನಾಲ್ಕು ದಿನಗಳ ಈ ಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದು ಮಾರುಕಟ್ಟೆಗೆ ಹೋಗುವ ತಯಾರಕರಿಗೆ ಬೆಲೆಯ ಮೇಲೆ ಮಾತ್ರ ಸ್ಪರ್ಧಿಸಬೇಕಾದ ಅನಿವಾರ್ಯತೆ ಇರುವುದಿಲ್ಲ.

ಅಂಗಡಿಯಲ್ಲಿ ಅನುಸರಿಸಬೇಕಾದ ಕ್ರಮಗಳು

ಮೊದಲನೆಯದಾಗಿ, ಗಿರಾಕಿಗೆ ಮೂರು ಪ್ರಶ್ನೆಗಳನ್ನು ಕೇಳದೆ ಡಬ್ಬಿಯನ್ನು ಕೊಡಬಾರದು. ವಾಹನದ ಮಾದರಿ ಮತ್ತು ವರ್ಷ ಯಾವುದು? ಕೈಪಿಡಿಯಲ್ಲಿ ಏನೆಂದು ಬರೆದಿದೆ? ಈಗ ಒಳಗಿರುವ ದ್ರವ ಯಾವುದು? ಕೈಪಿಡಿ ಇಲ್ಲವೆಂದರೆ ತಯಾರಕರ ಜಾಲತಾಣದಲ್ಲಿ ಅದನ್ನು ಹುಡುಕಿ ತೋರಿಸುವುದು ಇಂದು ಕಷ್ಟದ ಕೆಲಸವಲ್ಲ.

ಎರಡನೆಯದಾಗಿ, ಕಪಾಟಿನಲ್ಲಿ ಗೇರ್‌ಬಾಕ್ಸಿನ ದ್ರವಗಳನ್ನು ಒಂದು ಸಾಲಿನಲ್ಲಿಯೂ ಡಿಫರೆನ್ಷಿಯಲ್ ಎಣ್ಣೆಗಳನ್ನು ಬೇರೊಂದು ಸಾಲಿನಲ್ಲಿಯೂ ಇಡಬೇಕು. ಕೂಲಂಟ್‌ಗಳನ್ನು ಬಣ್ಣದಂತೆ ಅಲ್ಲ, ಮನೆತನದಂತೆ ವಿಂಗಡಿಸಬೇಕು.

ಮೂರನೆಯದಾಗಿ, ದೊಡ್ಡ ಡ್ರಮ್ಮಿನಿಂದ ಬಿಡಿ ಎಣ್ಣೆಯನ್ನು ಅಳೆದು ಕೊಡುವ ಪದ್ಧತಿಯಿದ್ದರೆ ಪ್ರತಿಯೊಂದು ದರ್ಜೆಗೂ ಬೇರೆ ಅಳತೆ ಪಾತ್ರೆ, ಬೇರೆ ಆಲಿಕೆ ಇರಬೇಕು. ಮುಚ್ಚಿದ ಡಬ್ಬಿಗಳ ಮೇಲೆ ತಯಾರಕರ ಹೆಸರು, ವಿಳಾಸ, ನಿವ್ವಳ ಪ್ರಮಾಣ, ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ ಇವು 2011ರ ಪ್ಯಾಕೇಜು ಸರಕುಗಳ ನಿಯಮಗಳಂತೆ ಮುದ್ರಿತವಾಗಿವೆಯೇ ಎಂದು ಸರಕು ಇಳಿಸಿಕೊಳ್ಳುವಾಗಲೇ ಪರಿಶೀಲಿಸಬೇಕು.

ನಾಲ್ಕನೆಯದಾಗಿ, ಬಿಲ್ಲಿನಲ್ಲಿ ‘ಗೇರ್ ಆಯಿಲ್ ಒಂದು ಲೀಟರು’ ಎಂದಷ್ಟೇ ಬರೆಯದೆ ದರ್ಜೆ, ಸಾಂದ್ರತೆ ಮತ್ತು ಬ್ಯಾಚ್ ಸಂಖ್ಯೆಯನ್ನು ನಮೂದಿಸಬೇಕು. ವಿವಾದ ಬಂದಾಗ ವರ್ತಕರನ್ನು ಕಾಯುವುದು ಈ ಒಂದು ಸಾಲು.

ಐದನೆಯದಾಗಿ, ವರ್ಕ್‌ಶಾಪ್ ನಡೆಸುವವರು ಹಳೆಯ ಎಣ್ಣೆಯನ್ನು ಬಸಿಯುವ ಮುನ್ನ ತುಂಬುವ ಬಿರಡೆ ಬಿಚ್ಚಿಕೊಳ್ಳುತ್ತದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಮೊದಲು ಬಸಿದು ನಂತರ ತುಂಬುವ ಬಿರಡೆ ಬಿಚ್ಚದೇ ಹೋದರೆ ಎಣ್ಣೆಯಿಲ್ಲದ ಕಾರು ಅಲ್ಲಿಯೇ ನಿಲ್ಲಬೇಕಾಗುತ್ತದೆ. ಬಸಿದ ಎಣ್ಣೆಯು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುವುದರಿಂದ ಅದನ್ನು ಚರಂಡಿಗೆ ಬಿಡದೆ ಅಧಿಕೃತ ಸಂಗ್ರಾಹಕರಿಗೇ ಒಪ್ಪಿಸಬೇಕು. ಕೂಲಂಟ್‌ನ ಸಾಂದ್ರತೆಯನ್ನು ಅಳೆಯುವ ರಿಫ್ರ್ಯಾಕ್ಟೋಮೀಟರ್ ಎಂಬ ಕೈಯುಪಕರಣವನ್ನು ಪ್ರತಿ ವರ್ಕ್‌ಶಾಪಿನಲ್ಲಿಯೂ ಇಟ್ಟುಕೊಳ್ಳುವುದು ಸೂಕ್ತ. ಒಂದೆರಡು ಹನಿಗಳಿಂದಲೇ ಮಿಶ್ರಣದ ಪ್ರಮಾಣ ತಿಳಿಯುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ, ತಾಲ್ಲೂಕು ಕೇಂದ್ರದ ಒಂದೇ ಬಾಗಿಲಿನ ಅಂಗಡಿಯಲ್ಲಾಗಲಿ, ಬಿಡಿಭಾಗಗಳ ವ್ಯಾಪಾರಕ್ಕೆ ಇಂದು ಅಂತರ್ಜಾಲದ ಮಾರಾಟದಿಂದ ಬಲವಾದ ಸ್ಪರ್ಧೆ ಎದುರಾಗಿದೆ. ಬೆಲೆಯಲ್ಲಿ ಆ ಸ್ಪರ್ಧೆಯನ್ನು ಗೆಲ್ಲುವುದು ಕಠಿಣ. ಆದರೆ ‘ಈ ಕಾರಿನ ಗೇರ್‌ಬಾಕ್ಸಿಗೆ ಇದು ಬೇಡ, ಕಡಿಮೆ ಬೆಲೆಯ ಅದೇ ಸರಿ’ ಎಂದು ಕಾರಣಸಹಿತ ಹೇಳಬಲ್ಲ ವರ್ತಕರನ್ನು ಗಿರಾಕಿಯು ಮರೆಯುವುದಿಲ್ಲ. ಆ ದಿನ ಕೆಲವು ರೂಪಾಯಿಗಳ ಲಾಭ ಕೈತಪ್ಪಬಹುದು. ಮುಂದಿನ ಬಾರಿ ಆತ ಬೆಲೆ ಕೇಳುವ ಮೊದಲು ಸಲಹೆ ಕೇಳುತ್ತಾನೆ. ಸಲಹೆ ಕೇಳಲು ಬರುವ ಗಿರಾಕಿಯೇ ಅಂಗಡಿಯ ನಿಜವಾದ ಬಂಡವಾಳ.